ವಾರಕ್ಕೊಂದು ಶಿಫಾರಸು: ಸ್ವತಃ ಓದಿದ್ದು, ಕೇಳಿದ್ದು, ಕಂಡದ್ದು ಮಾತ್ರ

ಕಾಗಿಣಾದಂಡೆ (ಸೇಡಂ)
ಶುಕ್ರವಾರ ಬಂತೆಂದರೆ ಮೊಬೈಲಿಗೆ ‘ಓದಲೇಬೇಕಾದ ಹತ್ತು ಪುಸ್ತಕಗಳು’, ‘ಕೇಳಲೇಬೇಕಾದ ಇಪ್ಪತ್ತು ಹಾಡುಗಳು’ ಎಂಬ ಪಟ್ಟಿಗಳು ಬಂದು ಬೀಳುತ್ತವೆ. ಕಳುಹಿಸಿದವರಿಗೆ ‘ಆ ಮೂರನೆಯ ಪುಸ್ತಕ ಹೇಗಿದೆ?’ ಎಂದು ಕೇಳಿದರೆ ಉತ್ತರವೇ ಇಲ್ಲ. ಅವರಿಗೂ ಯಾರೋ ಕಳುಹಿಸಿರುತ್ತಾರೆ. ಇದು ನನಗೆ ಸಾಕಾಗಿದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಾವು ಇಲ್ಲಿ ವಾರಕ್ಕೊಮ್ಮೆ ತಲಾ ಒಂದನ್ನು ಹೇಳೋಣ. ಪುಸ್ತಕವೋ, ಹಾಡೋ, ಛಾಯಾಚಿತ್ರವೋ, ಬರಹವೋ, ಏನಾದರೂ ಸರಿ. ಷರತ್ತು ಎರಡೇ: ಸ್ವತಃ ಅನುಭವಿಸಿರಬೇಕು; ಅದು ನಮ್ಮ ಕೈಗೆ ಸಿಗುವ ದಾರಿಯನ್ನೂ ಹೇಳಬೇಕು.

ನಾನೇ ಆರಂಭಿಸುತ್ತೇನೆ. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸಂತೋಷ, ಆದರೆ ನಾನು ಹೇಳುತ್ತಿರುವುದು ಅದಕ್ಕಲ್ಲ. ಈ ಕಡೆಯ ದುಡಿಯುವ ಹೆಂಗಸರು ಜಗಳವಾಡುವ, ಗೋಳಾಡುವ, ಶಾಪ ಹಾಕುವ ಮಾತು ಪಾಲಿಶ್ ಇಲ್ಲದೆ ಪುಟದ ಮೇಲೆ ಬಂದು ಕುಳಿತಿದೆ. ನಮ್ಮ ಮಾತಿನಲ್ಲಿ ಕಾದಂಬರಿ ಬರೆಯಲು ಬರುವುದಿಲ್ಲ ಎನ್ನುವವರ ಕೈಗೆ ಮೊದಲು ಕೊಡಬೇಕಾದ ಪುಸ್ತಕ ಇದು. ಜಿಲ್ಲಾ ಕೇಂದ್ರದ ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ.

ಜೊತೆಗೆ ಒಂದು ಪ್ರಶ್ನೆ. ತತ್ವಪದಗಳನ್ನು, ಅಂದರೆ ಅನುಭಾವಿಗಳು ಕಟ್ಟಿದ ಹಾಡುಗಳನ್ನು, ಸರಿಯಾಗಿ ಕೇಳಬೇಕು ಎಂದುಕೊಂಡಿದ್ದೇನೆ. ಎಲ್ಲಿಂದ ಆರಂಭಿಸಲಿ? ಮೊಬೈಲಿನಲ್ಲಿ ಹುಡುಕಿದರೆ ಕೀಬೋರ್ಡಿನ ಗದ್ದಲದಲ್ಲಿ ಪದವೇ ಕೇಳಿಸುವುದಿಲ್ಲ.

ವಾಡಿಜಂಕ್ಷನ್
ಆಲೋಚನೆ ಚೆನ್ನಾಗಿದೆ. ಆದರೆ ವಾರಕ್ಕೆ ಒಂದೇ ಎಂದರೆ ಹೇಗೆ? ನನ್ನ ಬಳಿಯೇ ಐದು ಇವೆ.

ಕಾಗಿಣಾದಂಡೆ (ಸೇಡಂ)
ಒಂದೇ. ಐದು ಹೇಳಿದರೆ ಒಂದನ್ನೂ ಯಾರೂ ಮುಟ್ಟುವುದಿಲ್ಲ.

ಏಕತಾರಿ (ಯಡ್ರಾಮಿ)
ತತ್ವಪದ ಕೇಳಬೇಕೆಂದರೆ ಕಡಕೋಳ ಮಡಿವಾಳಪ್ಪನವರಿಂದ ಆರಂಭಿಸಿ. ಅವರ ಶಿಷ್ಯ ಪರಂಪರೆ ನೋಡಿದರೇ ಈ ಪದಗಳ ಹರವು ಗೊತ್ತಾಗುತ್ತದೆ. ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ, ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಜಾತಿ. ಹಾಡುವಾಗ ಅದು ಯಾವುದೂ ಅಡ್ಡ ಬರುವುದಿಲ್ಲ.

ನನ್ನ ಶಿಫಾರಸು ಯಾವ ಧ್ವನಿಮುದ್ರಿಕೆಯೂ ಅಲ್ಲ. ಅಮಾವಾಸ್ಯೆಯ ರಾತ್ರಿ ಯಾವುದಾದರೂ ಮಠದಲ್ಲೋ ಗುಡಿಯಲ್ಲೋ ನಡೆಯುವ ಭಜನೆಗೆ ಹೋಗಿ ಕುಳಿತುಕೊಳ್ಳಿ. ಹಿರಿಯರೊಬ್ಬರು ಪಲ್ಲವಿ ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿಸುತ್ತಾರೆ. ಏಕತಾರಿ, ದಮ್ಮಡಿ, ತಾಳ ಅಷ್ಟೇ. ಪ್ರತಿ ನುಡಿಯ ನಂತರ ಪಲ್ಲವಿ ಮರಳಿ ಬರುವಾಗ ಅದರ ಅರ್ಥ ಸ್ವಲ್ಪ ಬದಲಾಗಿರುತ್ತದೆ. ಏಕೆಂದರೆ ನಡುವೆ ಒಂದು ನುಡಿ ನಿಮ್ಮನ್ನು ಬೇರೆಲ್ಲಿಗೋ ಕರೆದೊಯ್ದಿರುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ (ಪದ ಕಟ್ಟಿದವರ ಗುರುತಾಗಿ ಬರುವ ಹೆಸರು) ಬಂದಾಗ ಹಾಡುವವರು ಕೈಯೆತ್ತಿ ಹಣೆಗೆ ಮುಟ್ಟಿಸುತ್ತಾರೆ. ಧ್ವನಿಮುದ್ರಿಕೆಯಲ್ಲಿ ಎರಡು ನುಡಿ ಹಾಡಿ ಮುಗಿಸಿಬಿಡುತ್ತಾರೆ. ಅಂಕಿತವೇ ಬರದ ತತ್ವಪದವನ್ನು ನಾನು ಅರ್ಧ ಪದ ಎನ್ನುತ್ತೇನೆ.

ಶಹಾಬಾದಕಲ್ಲು
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಮಗ ತತ್ವಪದ ಎಂಬ ಹೆಸರು ಕೇಳಿದ್ದೇ ಕೀಬೋರ್ಡ್ ಹಾಕಿದ ಹಾಡಿನಿಂದ. ಆ ಹಾಡು ಇಲ್ಲದಿದ್ದರೆ ಅವನು ಭಜನೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಈಗ ಅವನೇ ‘ಇದರ ಉಳಿದ ನುಡಿಗಳು ಎಲ್ಲಿ?’ ಎಂದು ಕೇಳುತ್ತಾನೆ. ದಾರಿ ಯಾವುದಾದರೇನು?

ಏಕತಾರಿ (ಯಡ್ರಾಮಿ)
ನಿಮ್ಮ ಮಗ ಕೇಳಿದ, ಸಂತೋಷ. ಕೇಳದವರೇ ಹೆಚ್ಚು. ಹಾಡಿನ ಪೆಟ್ಟಿಗೆಯ ಮೇಲೆ ಬರೆದವರ ಹೆಸರೂ ಇರುವುದಿಲ್ಲ, ‘ಜಾನಪದ’ ಎಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಮಡಿವಾಳಪ್ಪನವರು ಹಾಡಿನೊಳಗೇ ಅಂಕಿತವಿಟ್ಟು ಹೋಗಿದ್ದಾರೆ. ಅದನ್ನು ಕತ್ತರಿಸಿ ‘ಜಾನಪದ’ ಎನ್ನುವುದು ಅನ್ಯಾಯ. ಕೀಬೋರ್ಡ್ ಹಾಕಿಕೊಳ್ಳಲಿ, ಪದವನ್ನು ಪೂರ್ತಿ ಹಾಡಲಿ.

ಸುರಪುರದವಳು
ತಿಂಥಣಿ ಮೌನೇಶ್ವರರ ಜಾತ್ರೆಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕೃಷ್ಣೆಯ ದಡದಲ್ಲಿ ಸಾವಿರಾರು ಜನ ಒಟ್ಟಿಗೆ ಜಾತ್ರೆಯ ಘೋಷಣೆ ಕೂಗುವಾಗ ‘ಓಂ’ಕಾರವೂ ‘ಪೀರ್ ಪೈಗಂಬರ್’ ಮಾತೂ ಒಂದೇ ಉಸಿರಿನಲ್ಲಿ ಬರುತ್ತವೆ. ಅದೂ ಸಂಗೀತವೇ.

ಕೋಟೆಬುರುಜು (ಕಲಬುರಗಿ)
ಛಾಯಾಚಿತ್ರದವರು ಯಾರೂ ಮಾತನಾಡುತ್ತಿಲ್ಲವಾದ್ದರಿಂದ ನಾನು ಹೇಳುತ್ತೇನೆ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ, 1367ರದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಸೂರು. ಆದ್ದರಿಂದ ಬೆಳಕು ಮೇಲಿನಿಂದ ಸುರಿಯುವುದಿಲ್ಲ, ಬದಿಯ ಕಮಾನುಗಳಿಂದ ನೆಲದ ಮೇಲೆ ಹರಿದು ಬರುತ್ತದೆ. ಎಲ್ಲರೂ ಬಂದು ಹೊರಗಿನಿಂದ ಗುಮ್ಮಟದ ಚಿತ್ರ ತೆಗೆದು ಹೋಗುತ್ತಾರೆ. ಒಳಗೆ ಹೋಗಿ.

ಬದಿಯ ಓಣಿಯಂಥ ಜಾಗದ ಮೂಲೆಯಲ್ಲಿ ನಿಂತರೆ ಅಗಲವಾದ, ಕುಳ್ಳಗಿನ ಕಾಲುಗಳ ಕಮಾನುಗಳು ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಬೆಳಕು ಬಿದ್ದ ನೆಲವನ್ನು ಬೆರಳಿನಿಂದ ಒತ್ತಿ ಹಿಡಿದು, ಬೆಳಕಿನ ಅಳತೆಯನ್ನು ಅಲ್ಲಿಗೇ ಕಟ್ಟಿಹಾಕಬೇಕು. ಹಾಗೆ ಮಾಡದಿದ್ದರೆ ಮೊಬೈಲು ಕತ್ತಲನ್ನೆಲ್ಲ ಬೆಳ್ಳಗೆ ಮಾಡಿ, ಕಮಾನಿನ ಅಂಚನ್ನೇ ತಿಂದುಹಾಕುತ್ತದೆ. ಮೂರು ಕಾಲಿನ ಸ್ಟ್ಯಾಂಡ್ ತರಬೇಡಿ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ವಾಡಿಜಂಕ್ಷನ್
ಅದು ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು ಎಂದು ಓದಿದ್ದೇನೆ. ಅದನ್ನೂ ಹೇಳಬೇಕಿತ್ತು.

ಕೋಟೆಬುರುಜು (ಕಲಬುರಗಿ)
ಬೇಕೆಂದೇ ಹೇಳಲಿಲ್ಲ. ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಬಂದ ಮಾತು ಅದು. ಶಾಸನದಲ್ಲಿ ಕಟ್ಟಿದವನ ಹೆಸರು ರಫಿ ಎಂದಿದೆ, ಅವನು ಇರಾನಿನ ಕಜ್ವೀನದವನು. ಕಾರ್ಡೋಬಾದಲ್ಲಿ ಕುದುರೆ ಲಾಳದ ಆಕಾರದ ಕಮಾನುಗಳು, ಒಂದರ ಮೇಲೊಂದು ಎರಡು ಅಂತಸ್ತು, ಮೇಲೆ ಮರದ ಸೂರು. ನಮ್ಮಲ್ಲಿ ಗಚ್ಚಿನ ಗುಮ್ಮಟಗಳ ಸಾಲು. ಎರಡಕ್ಕೂ ಹೋಲಿಕೆ ಎಂದರೆ ಒಳಗನ್ನೆಲ್ಲ ತುಂಬಿದ ಕಂಬಗಳ ಭಾವ ಮಾತ್ರ, ಮೇಲಾಗಿ ಕಾರ್ಡೋಬಾಕ್ಕೆ ತೆರೆದ ಅಂಗಳವೂ ಇದೆ.

ವಾಡಿಜಂಕ್ಷನ್
ಪ್ರವಾಸಿ ಪುಸ್ತಕಗಳಲ್ಲೆಲ್ಲ ಹಾಗೆಯೇ ಇದೆಯಲ್ಲ?

ಕೋಟೆಬುರುಜು (ಕಲಬುರಗಿ)
ಅದಕ್ಕೇ ‘ಸ್ವತಃ ನೋಡಿರಬೇಕು’ ಎಂಬ ಷರತ್ತು ನನಗೆ ಇಷ್ಟವಾಯಿತು.

ನವಸಾಗರ (ಬೀದರ್)
ಬರಹಕ್ಕೆ ನನ್ನದೊಂದು ಶಿಫಾರಸು. ಬರೆಯಲು ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಮಳೆ, ಬೆಳದಿಂಗಳು, ಅಮ್ಮ ಈ ಮೂರನ್ನು ಬಿಟ್ಟು ಈಚೆ ಬರುವುದಿಲ್ಲ. ಅವರನ್ನು ಬಿದರಿ ಕೆಲಸ ಮಾಡುವವರ ಬಳಿ ಒಂದು ಮಧ್ಯಾಹ್ನ ಕೂರಿಸಿ, ಕೈಗಳು ಏನು ಮಾಡುತ್ತವೆ ಎಂಬುದನ್ನಷ್ಟೇ ಬರೆಯಲು ಹೇಳಿ.

ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಗೆರೆ ಎಳೆದರೆ ಬಿಳಿಯಾಗಿ ಎದ್ದು ಕಾಣುತ್ತದೆ. ಗೆರೆಯನ್ನು ಉಳಿಯಿಂದ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಆಗ ಬೆಳ್ಳಿ ಯಾವುದು, ಲೋಹ ಯಾವುದು ಎಂದು ಗೊತ್ತಾಗದಷ್ಟು ಎರಡೂ ಒಂದೇ ಬಣ್ಣ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರವನ್ನು (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ.

ಇದನ್ನು ಒಂದೂ ವಿಶೇಷಣ ಹಾಕದೆ ಒಂದು ಪುಟ ಬರೆಯಲಿ. ‘ಅದ್ಭುತ’, ‘ಮನಮೋಹಕ’ ಇಲ್ಲದೆ ಬರೆದವರಿಗೆ ಬರೆಯಲು ಬರುತ್ತದೆ ಎಂದು ನನ್ನ ನಂಬಿಕೆ.

ತೊಗರಿಹೊಲ
ಬಿದರಿ ಕಬ್ಬಿಣದ್ದಲ್ಲವೇ?

ನವಸಾಗರ (ಬೀದರ್)
ಅಲ್ಲ. ಸತುವೇ ಹೆಚ್ಚು, ಸ್ವಲ್ಪ ತಾಮ್ರ. ಕಬ್ಬಿಣವಾಗಿದ್ದರೆ ತುಕ್ಕು ಹಿಡಿಯುತ್ತಿತ್ತು.

ಚಿಂಚೋಳಿಕಾಡು
ನಾನು ಪದವಿ ಓದುತ್ತಿದ್ದೇನೆ. ಒಂದು ಮಾತು ಕೇಳಬೇಕು. ಇಲ್ಲಿ ಎಲ್ಲರೂ ಕೋಟೆ, ಬಿದರಿ, ತತ್ವಪದ ಎನ್ನುತ್ತಿದ್ದೀರಿ. ಈ ಕಡೆಯದನ್ನು ಮಾತ್ರ ಹೇಳಬೇಕು ಎಂಬ ನಿಯಮವಿದೆಯೇ? ನಾನು ಈ ವಾರ ಓದಿದ್ದು ಬಾನು ಮುಷ್ತಾಕ್ ಅವರ ಕಥೆಗಳನ್ನು, ಅವರು ಹಾಸನದವರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಇಂಗ್ಲಿಷ್ ಅನುವಾದದ ಮುಖಪುಟ ಹಂಚಿಕೊಂಡರು. ಕನ್ನಡದ ಮೂಲ ಕಥೆಗಳನ್ನು ತಂದುಕೊಟ್ಟವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಆ ಕಥೆಗಳಲ್ಲಿ ಬರುವ ಮನೆಗಳು ನನಗೆ ಹಾಸನದ ಮನೆಗಳಾಗಿ ಕಾಣಲಿಲ್ಲ, ನಮ್ಮ ಪಕ್ಕದ ಮನೆಗಳಾಗಿಯೇ ಕಂಡವು. ನಮ್ಮ ಕಡೆಯದನ್ನೇ ಓದಬೇಕು ಎಂದರೆ ನಾನು ಒಪ್ಪುವುದಿಲ್ಲ.

ಏಕತಾರಿ (ಯಡ್ರಾಮಿ)
ಹೊರಗಿನದನ್ನು ಹೇಳಲು ಸಾವಿರ ಜನ ಇದ್ದಾರೆ. ನಮ್ಮದನ್ನು ಹೇಳಲು ನಾವಷ್ಟೇ.

ಚಿಂಚೋಳಿಕಾಡು
ಸಾವಿರ ಜನ ಹೇಳುತ್ತಾರೆ, ಆದರೆ ನಮ್ಮ ಊರಿನಲ್ಲಿ ಕುಳಿತು ಓದಿದವರು ಹೇಳುವುದಿಲ್ಲ.

ಕಾಗಿಣಾದಂಡೆ (ಸೇಡಂ)
ನಿಯಮವಿಲ್ಲ. ಎಲ್ಲಿಯದಾದರೂ ಹೇಳಿ. ಷರತ್ತು ಎರಡೇ, ಮೂರನೆಯದನ್ನು ಯಾರೂ ಸೇರಿಸಬಾರದು.

ಆಳಂದದಮೇಷ್ಟ್ರು
ಚಿಂಚೋಳಿಯ ವಿದ್ಯಾರ್ಥಿನಿಯ (ಅಥವಾ ವಿದ್ಯಾರ್ಥಿಯ) ಮಾತು ಸರಿ. ಆದರೆ ಏಕತಾರಿಯವರ ಸಂಕಟವೂ ಸುಳ್ಳಲ್ಲ. ಒಂದು ಉದಾಹರಣೆ ಕೊಡುತ್ತೇನೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಹೆಸರು ಹೇಳಿದರೆ ಎಲ್ಲರೂ ಎದೆಯುಬ್ಬಿಸುತ್ತಾರೆ, ದೊರೆ ನೃಪತುಂಗ ಬರೆದ ‘ಕವಿರಾಜಮಾರ್ಗ’ ಎನ್ನುತ್ತಾರೆ. ಮೊದಲನೆಯದಾಗಿ ಬರೆದವನು ಶ್ರೀವಿಜಯ. ನೃಪತುಂಗನ ಅನುಮತಿ ಅದಕ್ಕಿತ್ತು. ಎರಡನೆಯದಾಗಿ, ಕ್ರಿ.ಶ. 850ರ ಸುಮಾರಿನ ಆ ಪುಸ್ತಕವನ್ನು ತೆರೆದವರು ಎಷ್ಟು ಜನ?

ಪೂರ್ತಿ ಓದಿ ಎಂದು ನಾನು ಹೇಳುವುದಿಲ್ಲ. ಅಲಂಕಾರಗಳ ಲಕ್ಷಣಗಳು ಪರಿಣತರಿಗೆ. ಮೊದಲ ಪರಿಚ್ಛೇದದಲ್ಲಿ ಕನ್ನಡ ನಾಡಿನ ಗಡಿ, ಜನರ ಬುದ್ಧಿ, ಅವರ ಮಾತಿನ ಚುರುಕನ್ನು ಹೇಳುವ ಕೆಲವು ಪದ್ಯಗಳಿವೆ. ಹೊಸಗನ್ನಡದ ಅರ್ಥವಿರುವ ಆವೃತ್ತಿ ಹಿಡಿದುಕೊಂಡು ಅಷ್ಟನ್ನು ಓದಿ. ಸಾಧ್ಯವಾದರೆ ಮಳಖೇಡದ ಕೋಟೆಯಲ್ಲಿ ಕಾಗಿಣಾ ನದಿ ಕಾಣುವ ಕಡೆ ಕುಳಿತು ಗಟ್ಟಿಯಾಗಿ ಓದಿ. ಅನೇಕ ಬಗೆಯ ಕನ್ನಡಗಳಿವೆ, ಅವನ್ನೆಲ್ಲ ತಿಳಿಯುವುದು ಸುಲಭವಲ್ಲ ಎಂದು ಆ ಕವಿ ಅಂದೇ ಒಪ್ಪಿಕೊಂಡಿದ್ದಾನೆ. ಕಲಬುರಗಿಯ ಮಾತನ್ನು ಒರಟು ಎನ್ನುವವರಿಗೆ ಇದಕ್ಕಿಂತ ಹಳೆಯ ಉತ್ತರ ಬೇಕೇ?

ಶಹಾಬಾದಕಲ್ಲು
ಮೇಷ್ಟ್ರೇ, ಶ್ರೀವಿಜಯನೇ ಎಂದು ಅಷ್ಟು ಖಂಡಿತವಾಗಿ ಹೇಳಬಹುದೇ? ನಾವು ಶಾಲೆಯಲ್ಲಿ ಓದಿದ್ದು ನೃಪತುಂಗ ಎಂದೇ.

ಆಳಂದದಮೇಷ್ಟ್ರು
ಶಾಲೆಯಲ್ಲಿ ನಾನೂ ಹಾಗೆಯೇ ಓದಿದೆ. ಗ್ರಂಥದಲ್ಲೇ ‘ನೃಪತುಂಗದೇವಾನುಮತ’ ಎಂದಿದೆ. ತಾನೇ ಬರೆದವನು ತನ್ನದೇ ಅನುಮತಿ ಪಡೆಯುವುದಿಲ್ಲ. ಇಂದು ಹೆಚ್ಚಿನ ವಿದ್ವಾಂಸರು ಶ್ರೀವಿಜಯನನ್ನೇ ಒಪ್ಪುತ್ತಾರೆ.

ಕೇವಡಾ (ಚಿಟಗುಪ್ಪ)
ಕನ್ನಡದವರು ಮರೆತ ಒಬ್ಬರನ್ನು ನೆನಪಿಸುತ್ತೇನೆ. ದಖ್ಖನಿ ಕವಿ ಸುಲೈಮಾನ್ ಖತೀಬ್. ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದವರು, ಕವನ ಸಂಕಲನ ‘ಕೇವಡೇ ಕಾ ಬನ್’. ಮುಷಾಯಿರಾಗಳಲ್ಲಿ (ಉರ್ದು ಕವಿಗೋಷ್ಠಿಗಳಲ್ಲಿ) ಜನರನ್ನು ನಗಿಸುತ್ತಲೇ ಕಣ್ಣಲ್ಲಿ ನೀರು ತರಿಸುತ್ತಿದ್ದರು ಎಂದು ನಮ್ಮ ಮನೆಯ ಹಿರಿಯರು ಈಗಲೂ ಹೇಳುತ್ತಾರೆ. ಗ್ರಾಂಥಿಕ ಉರ್ದು ಅಲ್ಲ, ನಮ್ಮ ಸಂತೆಯ, ಅಡುಗೆಮನೆಯ ದಖ್ಖನಿ. ಕನ್ನಡ, ಮರಾಠಿ, ತೆಲುಗಿನ ಜೊತೆ ಬೆಳೆದ ಮಾತು.

ತೊಗರಿಹೊಲ
ಉರ್ದು ಲಿಪಿ ಬಾರದವರು ಏನು ಮಾಡಬೇಕು?

ಕೇವಡಾ (ಚಿಟಗುಪ್ಪ)
ಕೇಳಿದರೆ ನಿಮಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ, ಅನುಮಾನ ಬೇಡ. ವಾರಕ್ಕೊಂದು ಕವಿತೆಯನ್ನು ಕನ್ನಡ ಲಿಪಿಯಲ್ಲಿ ಬರೆದು ಇಲ್ಲಿ ಹಾಕುತ್ತೇನೆ.

ಆಳಂದದಮೇಷ್ಟ್ರು
ಉತ್ಸಾಹಕ್ಕೆ ವಂದನೆ, ಆದರೆ ಪೂರ್ತಿ ಕವಿತೆ ಹಾಕಬೇಡಿ. ಖತೀಬರು ತೀರಿಕೊಂಡದ್ದು 1978ರಲ್ಲಿ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ವಾರಸುದಾರರದು, ಅಂದರೆ 2038ರ ಕೊನೆಯವರೆಗೆ. ಎರಡು ಸಾಲು ಎತ್ತಿಕೊಂಡು ಅದರ ಬಗ್ಗೆ ಬರೆಯಿರಿ, ಅಥವಾ ಕುಟುಂಬದವರ ಒಪ್ಪಿಗೆ ಪಡೆಯಿರಿ. ಮಡಿವಾಳಪ್ಪನವರ ಪದಗಳಿಗೆ ಈ ತೊಡಕು ಇಲ್ಲ. ಆದರೆ ಅಲ್ಲಿಯೂ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳನ್ನು ಎತ್ತಿ ಹಾಕುವ ಹಾಗಿಲ್ಲ.

ಕೇವಡಾ (ಚಿಟಗುಪ್ಪ)
ಹಾಗಾದರೆ ನಾನು ಓದಿ ಹೇಳುವ ಕೂಟವನ್ನೇ ಮಾಡುತ್ತೇನೆ. ಬೇಕಾದವರು ಬನ್ನಿ, ಮನೆಯಲ್ಲಿ ಜಾಗವಿದೆ, ಚಹಾ ಇದೆ.

ವಾಡಿಜಂಕ್ಷನ್
ಚಹಾ ಮಾತ್ರವೇ? ಬೀದರಿನ ಕಡೆ ಬಂದು ಬರಿಯ ಚಹಾ ಕುಡಿದು ಹೋಗುವುದೇ?

ತೊಗರಿಹೊಲ
ಕಲಬುರಗಿಯ ತೊಗರಿಬೇಳೆ ನಾನು ತರುತ್ತೇನೆ, ಭೌಗೋಳಿಕ ಸೂಚಿಯ ಮಾನ್ಯತೆ ಇರುವುದು. ಜೋಳದ ರೊಟ್ಟಿ ಬಡಿಯುವವರು ಯಾರು ಎಂದು ಮೊದಲು ತೀರ್ಮಾನವಾಗಲಿ.

ಸುರಪುರದವಳು
ರೊಟ್ಟಿ ಬಡಿಯುವುದು ಗಂಡಸರೇ ಆಗಲಿ, ನಾವು ಕವಿತೆ ಕೇಳುತ್ತೇವೆ. ಮತ್ತೆ ವಿಷಯಕ್ಕೆ ಬರುತ್ತೇನೆ. ನನ್ನ ಶಿಫಾರಸು ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆ, 1877ರಲ್ಲಿ ಪ್ರಕಟವಾದ ಇಂಗ್ಲಿಷ್ ಪುಸ್ತಕ. ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸುರಪುರದ ಗುಡ್ಡ, ಬೋನಾಳದ ಕೆರೆ, ಅರಮನೆಯ ಒಳಜಗಳ ಎಲ್ಲ ಅದರಲ್ಲಿ ಬರುತ್ತವೆ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕ ಟೇಲರ್‌ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದುದೂ ಬರುತ್ತದೆ.

ಶಹಾಬಾದಕಲ್ಲು
1858ರಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ ರಾಜನ ಕಥೆಯನ್ನು ಬ್ರಿಟಿಷ್ ಅಧಿಕಾರಿಯ ಬಾಯಿಂದ ಕೇಳಬೇಕೇ?

ಸುರಪುರದವಳು
ಕೇಳಬೇಕು, ಆದರೆ ಅವನ ಬಾಯಿಂದ ಮಾತ್ರ ಕೇಳಬಾರದು. ಆ ಪುಸ್ತಕ ಓದುವಾಗ ಪಕ್ಕದಲ್ಲಿ ಒಂದು ನೋಟು ಪುಸ್ತಕ ಇಟ್ಟುಕೊಂಡೆ. ಟೇಲರ್ ಎಲ್ಲಿ ಕಂಡದ್ದನ್ನು ಹೇಳುತ್ತಾನೆ, ಎಲ್ಲಿ ಆಳುವವನ ಗತ್ತಿನಿಂದ ತೀರ್ಪು ಕೊಡುತ್ತಾನೆ ಎಂದು ಎರಡು ಬದಿಗೆ ಬರೆಯುತ್ತಾ ಹೋದೆ. ವೆಂಕಟಪ್ಪನ ತಾಯಿ ರಾಣಿ ಈಶ್ವರಮ್ಮನ ವಿಷಯ ಬಂದಾಗಲೆಲ್ಲ ಎರಡನೆಯ ಬದಿಯೇ ತುಂಬುತ್ತದೆ. ಅವಳ ಕಡೆಯ ಮಾತನ್ನು ಹೇಳುವ ಕಾದಂಬರಿಯೊಂದನ್ನು ನಮ್ಮ ಊರಿನ ಯಾರಾದರೂ ಬರೆಯಬೇಕು. ಇದನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ.

ಹಳೆಗಾಜು (ಯಾದಗಿರಿ)
ಛಾಯಾಚಿತ್ರ ಎಂದರೆ ಕೋಟೆಯೇ ಆಗಬೇಕೇ? ಮನೆಯ ಗೋಡೆಯ ಮೇಲಿರುವ ಅಜ್ಜ ಅಜ್ಜಿಯರ ಸ್ಟುಡಿಯೋ ಚಿತ್ರ ನೋಡಿ. ಬಣ್ಣ ಬಳಿದ ಪರದೆ, ಅದರಲ್ಲಿ ಮೆಟ್ಟಿಲು, ಹೂಕುಂಡ, ಎಂದೂ ಕಾಣದ ಸರೋವರ. ಅಜ್ಜಿಯ ಕೈ ಕುರ್ಚಿಯ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ಗಮನಿಸಿ.

ಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ, ಮುಖವೇ ಗಾಜಿಗೆ ಉಳಿದುಹೋಗುತ್ತದೆ. ಗಾಜಿನ ಸಮೇತ ಕಿಟಕಿಯ ಪಕ್ಕ ಇಟ್ಟು, ಎದುರಿನ ಗೋಡೆಗೆ ಕಪ್ಪು ಬಟ್ಟೆ ಹಿಡಿದು ಪ್ರತಿಫಲನ ತಪ್ಪಿಸಿ ಮೊಬೈಲಿನಲ್ಲಿ ಪ್ರತಿ ಮಾಡಿಕೊಳ್ಳಿ. ಬಿಡಿ ಚಿತ್ರಗಳಾದರೆ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲ್‌ನಿಂದ ಹೆಸರು, ಊರು ಬರೆದಿಡಿ. ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಟ್ರಂಕಿನಲ್ಲಿ ಇಟ್ಟರೆ ಅಂಟಿಕೊಂಡು ಹಾಳಾಗುತ್ತವೆ, ತಂಪಾದ ಒಳಕೋಣೆಯಲ್ಲಿಡಿ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಚಿಂಚೋಳಿಕಾಡು
ಇದು ನಾನು ಈ ವಾರವೇ ಮಾಡುತ್ತೇನೆ.

ತೊಗರಿಹೊಲ
ಪುಸ್ತಕ ಸಿಗುವ ದಾರಿ ಹೇಳಿ ಎಂದಿರಿ. ನಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಹೋದಾಗಲೆಲ್ಲ ಬೀಗ. ತೆರೆದಿದ್ದರೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾತ್ರ. ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ.

ಆಳಂದದಮೇಷ್ಟ್ರು
ವಚನಗಳಿಗೆ ‘ವಚನ ಸಂಚಯ’ ಜಾಲತಾಣವಿದೆ, ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಸಿಗುತ್ತವೆ. ನಮ್ಮ ಮುದನೂರಿನ ದೇವರ ದಾಸಿಮಯ್ಯನನ್ನು ಅಲ್ಲೇ ಓದಬಹುದು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೂ ಮೊಬೈಲಿನಲ್ಲಿ ಉಚಿತವಾಗಿ ಸದಸ್ಯರಾಗಬಹುದು. ಆದರೆ ಬೀಗದ ಬಗ್ಗೆ ಲಿಖಿತ ದೂರು ಕೊಡಿ. ನಾಲ್ಕು ಜನ ಸಹಿ ಮಾಡಿದರೆ ಸುಮ್ಮನಿರುವುದು ಅವರಿಗೆ ಕಷ್ಟ.

ತೊಗರಿಹೊಲ
ಮನವಿ ಬರೆಯುತ್ತೇನೆ. ಸಹಿಗೆ ನಮ್ಮ ಓಣಿಯಲ್ಲೇ ನಾಲ್ಕು ಜನ ಸಿಗುತ್ತಾರೆ.

ನವಸಾಗರ (ಬೀದರ್)
ಮುಂದಿನ ವಾರಕ್ಕೆ ಈಗಲೇ ಹೇಳಿಬಿಡುತ್ತೇನೆ: ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ. ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿದ್ದಾಳೆ. ಬರೆಯುವ ನಟನೆಯಲ್ಲ, ನಿಜವಾದ ಅಕ್ಷರಗಳಿವೆ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ ಅದು. ಬರಹವೂ ಆಯಿತು, ಚಿತ್ರವೂ ಆಯಿತು.

ಕೋಟೆಬುರುಜು (ಕಲಬುರಗಿ)
ಅಕ್ಷರ ಚಿತ್ರದಲ್ಲಿ ಓದಲು ಬರಬೇಕಾದರೆ ಬೆಳಕು ಬದಿಯಿಂದ ಓರೆಯಾಗಿ ಬೀಳಬೇಕು. ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಜೊತೆಗಾರರೊಬ್ಬರು ಬಿಳಿಯ ಹಾಳೆಯನ್ನು ಪಕ್ಕದಲ್ಲಿ ಹಿಡಿದು ಬೆಳಕನ್ನು ತಿರುಗಿಸಿದರೆ ಸಾಕು. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ನೀರು ಏನನ್ನೂ ಹಚ್ಚಬಾರದು. ಹಚ್ಚುವವರನ್ನು ಕಂಡರೆ ತಡೆಯಿರಿ.

ಏಕತಾರಿ (ಯಡ್ರಾಮಿ)
ನಾನು ಬರುತ್ತೇನೆ. ಕಲಬುರಗಿಯಿಂದ ಹೇಗೆ ಹೋಗುವುದು?

ನವಸಾಗರ (ಬೀದರ್)
ಬೀದರ್ ರೈಲು ಹಿಡಿದು ಹುಮನಾಬಾದ್‌ನಲ್ಲಿ ಇಳಿಯಿರಿ, 2017ರಿಂದ ಆ ಮಾರ್ಗವಿದೆ. ಅಲ್ಲಿಂದ ಆಟೋ. ಬೆಳಿಗ್ಗೆ ಬನ್ನಿ, ಮಧ್ಯಾಹ್ನ ಚಿಟಗುಪ್ಪಕ್ಕೆ ಹೋದರೆ ಖತೀಬರ ಕವಿತೆಯೂ ಆಗುತ್ತದೆ. ಕೇವಡಾ ಅವರೇ, ಎಷ್ಟು ಜನಕ್ಕೆ ಜಾಗವಿದೆ ಎಂದು ತಿಳಿಸಿ.